ಮಾಚಣ ಯಾಕೆ ಸಾಯಲಿಲ್ಲ

ವಿಲೆಟನ್, ಪರ್ತ್
24 ನವೆಂಬರ್ 2024, ಭಾನುವಾರ

ಪ್ರೀತಿಯ ದಾಕ್ಷಾಯಣಿ ಅತ್ತಿಗೆಗೆ,

ಹಂಸಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಚೆನ್ನಾಗಿದ್ದೇವೆ. ನೀವೂ ಅಡಿಲೇಡಿನಲ್ಲಿ ಚೆನ್ನಾಗಿದ್ದೀರಿ ಎಂದು ಕೇಳಿ ಬಲ್ಲೆ, ನೋಡಿ ಬಲ್ಲೆ ಎನ್ನುವ ಭಾಗ್ಯ ಇನ್ನೂ ಬಂದಿಲ್ಲ. ನೀವೂ ಪ್ರಶಾಂತಣ್ಣನೂ ಬೇರೆಯಾದ ಮೇಲೆ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ತಡವಾಯಿತು, ಕ್ಷಮಿಸಿ. ಮೆಸೇಜ್ ಹಾಕಬಹುದಿತ್ತು. ಆದರೆ ಮೆಸೇಜಿಗೆ ಎರಡು ನೀಲಿ ಗೆರೆ ಬರುತ್ತವೆ, ಓದಿಯೂ ಸುಮ್ಮನಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಕಾಗದದಲ್ಲಿ ಆ ಪೀಡೆಯಿಲ್ಲ.

ಮೊದಲು ಸಂತೋಷದ ಸುದ್ದಿ. ನಾಟಕ ಗೆದ್ದಿತು, ಅತ್ತಿಗೆ! ನಿಮ್ಮೂರಿನಲ್ಲೇ ಗೆದ್ದಿತು. ನಿಮಗೆ ಗೊತ್ತಿಲ್ಲದ್ದೇನಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಅದು ಹುಟ್ಟಿದ ಕಥೆಯನ್ನು ಮೊದಲು ಕೇಳಿ.

ಈ ಸಲ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಕನ್ನಡದವರು ಸೇರಿ ಅಡಿಲೇಡಿನಲ್ಲಿ ರಾಜ್ಯೋತ್ಸವ ಮಾಡುವುದೆಂದಾಯಿತು. ನಾಟಕ ಬರೆಯುವ ಕೆಲಸ ನನ್ನ ತಲೆಗೆ ಬಂತು. ಪ್ರತಿ ವರ್ಷದ ಅದೇ ಅತ್ತೆ-ಸೊಸೆ ನಗೆನಾಟಕ ನನಗೆ ಸಾಕಾಗಿತ್ತು. ಶರಭಗಳು ಆಕಾಶದಲ್ಲಿ ಹಾರುವ, ಕೋಟೆಯ ಬಾಗಿಲುಗಳು ಮಾತನಾಡುವ ಒಂದು ನಾಡು ಕಟ್ಟಿದೆ. ಅದರ ಗಡಿಯಾಚೆ ಮಾಚಣ ಎಂಬ ವೀರನನ್ನು ಕೂರಿಸಿದೆ. ನಮ್ಮ ಹಳೆಯ ವೀರಗಲ್ಲುಗಳಲ್ಲಿ ಬರುತ್ತಾರಲ್ಲ, ಒಡೆಯ ಸತ್ತ ದಿನ ತಾನೂ ಸಾಯುತ್ತೇನೆಂದು ಭಾಷೆ ಕೊಟ್ಟ ಗರುಡರು, ಇವನೂ ಅಂಥವನೇ. ಆ ಭಾಷೆಯ ಗುರುತಾಗಿ ಎಡಗಾಲಿಗೆ ಗೆಜ್ಜೆಯ ಬಳೆ ತೊಟ್ಟವನು. ರಾಜ ಸತ್ತ. ಮಾಚಣ ಸಾಯಲಿಲ್ಲ. ಜನ ಉಗಿದು ನಾಡಿನಿಂದ ಹೊರಗಟ್ಟಿದರು. ಆ ಬಳೆ ತೆಗೆಯುವ ಹಕ್ಕು ಅವನಿಗಿಲ್ಲ, ಸದ್ದು ಕೇಳಿಸಿಕೊಂಡು ಬದುಕುವ ಧೈರ್ಯವೂ ಇಲ್ಲ. ಹಾಗಾಗಿ ಗೆಜ್ಜೆಗೆಲ್ಲ ಚಿಂದಿಬಟ್ಟೆ ಸುತ್ತಿ ತಿರುಗುತ್ತಾನೆ.

ಇಷ್ಟು ಸಲೀಸಾಗಿ ಬಂತು. ಅವನು ಯಾಕೆ ಸಾಯಲಿಲ್ಲ ಎನ್ನುವುದು ಮಾತ್ರ ಏನು ಮಾಡಿದರೂ ಬರಲಿಲ್ಲ. ಆ ಹಿಂದಿನ ಕಥೆ ಇಲ್ಲದೆ ಮಾಚಣ ಬರೀ ಮೀಸೆ ಹೊತ್ತ ಬೊಂಬೆ.

ಇಲ್ಲಿನ ಸ್ವಾನ್ ವ್ಯಾಲಿಯ ಒಂದು ದ್ರಾಕ್ಷಿ ತೋಟದಲ್ಲಿ ಪರ್ತಿನವರೆಲ್ಲ ಸೇರಿದೆವು. ಪುಳಿಯೋಗರೆ, ಮೊಸರನ್ನ, ಮಧ್ಯದಲ್ಲಿ ಮಾಚಣ. ನಮ್ಮ ಸಂಘದ ಅಧ್ಯಕ್ಷ ನಟರಾಜ್ ಅಂಕಲ್ ನಿಮಗೆ ನೆನಪಿರಬೇಕು, ಮೈಕ್ ಕಂಡರೆ ಕಂದಪದ್ಯ ಹಾಡುವವರು. ಅವರು ಎದೆ ತಟ್ಟಿಕೊಂಡು ಹೇಳಿದರು: "ಶಾಪ ಹಾಕಮ್ಮ ಹಂಸಾ! ಒಬ್ಬ ಋಷೀನ ಕರ್ಕೊಂಡ್ಬಾ, ಶಾಪ ಕೊಡ್ಸು, ಮುಗೀತು. ಹೀರೋ ಮೇಲೆ ತಪ್ಪು ಬರಬಾರದು."

ನಮ್ಮವರದು ಇಷ್ಟೇ, ಅತ್ತಿಗೆ. ಒಂದು ಶಾಪ ಸಿಕ್ಕಿಬಿಟ್ಟರೆ ಮನೆಯವರೆಲ್ಲ ಒಳ್ಳೆಯವರು, ತಪ್ಪೆಲ್ಲ ಋಷಿಯ ಗಡ್ಡಕ್ಕೆ. ಬ್ರಿಸ್ಬೇನಿನವರು ವೀಡಿಯೊದಲ್ಲಿ ಮಂತ್ರಿ ಹಾಲಿಗೆ ಮತ್ತಿನ ಮದ್ದು ಬೆರೆಸಲಿ ಎಂದರು. ಅಡಿಲೇಡಿನವರು ಅವನ ಅವಳಿ ತಮ್ಮ ಬರಲಿ ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ನನಗೆ ರೇಗಿತು. "ಅವನು ಬೇಕಂತಲೇ ಬದುಕಿದ. ಬದುಕೋದಕ್ಕೂ ಒಂದು ಕಾರಣ ಇರತ್ತೆ, ಅದನ್ನ ನಾನು ಹುಡುಕ್ತೀನಿ, ನೀವು ಮೊಸರನ್ನ ತಿನ್ನಿ" ಎಂದುಬಿಟ್ಟೆ. ಅಂಕಲ್ ಮುಖ ಊದಿಸಿಕೊಂಡರು. ಮುಂದಿನ ಭಾನುವಾರದೊಳಗೆ ಕಾರಣ ಸಿಗದಿದ್ದರೆ ಅತ್ತೆ-ಸೊಸೆ ನಾಟಕವೇ ಗಟ್ಟಿ ಎಂದರು. ಬಾಯಿ ಮಾಡಿ ಸಿಕ್ಕಿಬಿದ್ದೆ.

ಆ ವಾರ ಆಫೀಸಿನಲ್ಲಿ ಉಕ್ಕಿನ ಕಂಬಗಳ ಲೆಕ್ಕ ಮಾಡುತ್ತಿದ್ದರೂ ತಲೆಯಲ್ಲಿ ಮಾಚಣನೇ. ಅವನಿಗೊಂದು ಪ್ರೇಯಸಿ ಕೊಟ್ಟೆ, ಚೆನ್ನಾಗಿರಲಿಲ್ಲ. ರಾಜನನ್ನು ದುಷ್ಟನನ್ನಾಗಿ ಮಾಡಿದೆ, ಇನ್ನೂ ಕೆಟ್ಟದಾಯಿತು. ಕೊನೆಗೆ ಸೊಪ್ಪು ಬಿಡಿಸುತ್ತಾ ಮಗಳು ನಿಸರ್ಗಳ ಮುಂದೆ ಗೋಳು ಹೇಳಿಕೊಂಡೆ. ನಿಮ್ಮ ನಿಸರ್ಗ ಈಗ ಹನ್ನೆರಡನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ನಮ್ಮ ಸಂಸಾರ ಹೀಗೇ ನಡೆದಿದೆ. ಗರುಡ ಸತ್ತರೆ ಎಷ್ಟೋ ಸಲ ಅವನ ಹೆಂಡತಿಯೂ ಜೊತೆಗೆ ಸಾಯುತ್ತಿದ್ದಳು ಎಂದೆ. ಅವಳು ಫೋನಿನಿಂದ ತಲೆ ಎತ್ತಿದಳು.

"ವೇಟ್, ಅಮ್ಮ. ಡಿಡ್ ಎನಿವನ್ ಆಸ್ಕ್ ದ ವೈಫ್?"

ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಅತ್ತಿಗೆ, ಆ ಹುಡುಗಿಯನ್ನು ಎತ್ತಿ ಕುಣಿಸೋಣ ಅನ್ನಿಸಿತು. ನನಗಿಂತ ಎತ್ತರ ಬೆಳೆದಿದ್ದಾಳೆ, ಹಾಗಾಗಿ ಹಣೆಗೆ ಮುತ್ತು ಕೊಟ್ಟು ಸುಮ್ಮನಾದೆ.

ನೋಡಿ, ಹೀಗೆ ಬಂತು ಮಾಚಣನ ಹಿಂದಿನ ಕಥೆ. ರಾಜ ಸತ್ತ ದಿನ ಮಾಚಣ ಕತ್ತಿ ಹಿರಿದು ನಿಂತಾಗ ಹೆಂಡತಿ ಕೇತವ್ವೆ ಕೇಳುತ್ತಾಳೆ: "ಮಾತು ಕೊಟ್ಟವನು ನೀನು. ನನ್ನನ್ನು ಯಾರು ಕೇಳಿದರು?" ಅವನು ಸತ್ತರೆ ಅವಳನ್ನು ಜನ ಬದುಕಗೊಡುವುದಿಲ್ಲ. ಅವಳು ಸಾಯಲು ಒಪ್ಪಲಿಲ್ಲವೆಂದು ಗೊತ್ತಾದರೂ ಬದುಕಗೊಡುವುದಿಲ್ಲ. ಮಾಚಣ ಕತ್ತಿ ಒರೆಗೆ ಹಾಕಿ ಹೊರಗೆ ಬರುತ್ತಾನೆ. ತುಂಬಿದ ಸಭೆಯಲ್ಲಿ "ನನಗೆ ಹೆದರಿಕೆಯಾಯಿತು" ಎನ್ನುತ್ತಾನೆ. ಅಷ್ಟೇ. ಹೇಡಿ ಎಂಬ ಹೆಸರು ಹೊತ್ತುಕೊಂಡು ಗಡಿ ದಾಟುತ್ತಾನೆ. ಕೇತವ್ವೆ ತವರಿಗೆ ಹೋಗಿ ಬದುಕುತ್ತಾಳೆ. ನಿಜ ಏನೆಂದು ಅವನು ಕೊನೆಯವರೆಗೂ ಯಾರಿಗೂ ಹೇಳುವುದಿಲ್ಲ.

ಭಾನುವಾರ ಓದಿ ಹೇಳಿದೆ. ನಟರಾಜ್ ಅಂಕಲ್ ಕನ್ನಡಕ ತೆಗೆದು ಒರೆಸಿ, "ಶಾಪಕ್ಕಿಂತ ಇದೇ ಗಟ್ಟಿ ಕಣಮ್ಮ" ಎಂದರು. ಈಗ ಕೇಳಿದರೆ ಇದು ತಮ್ಮದೇ ಐಡಿಯಾ ಎನ್ನುತ್ತಾರೆ, ಅದು ಬೇರೆ ವಿಷಯ.

ಮಾಚಣನ ಪಾತ್ರಕ್ಕೆ ಪ್ರಶಾಂತಣ್ಣನನ್ನು ಒಪ್ಪಿಸಿದೆವು. ಅವನು ಇನ್ನೂ ಬ್ರಿಸ್ಬೇನಿನ ಕಡೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲೇ ಇದ್ದಾನೆ, ಒಬ್ಬನೇ. ರೈಲಿನಲ್ಲಿ ಆಫೀಸಿಗೆ ಹೋಗಿಬರುವಾಗ ಮಾತು ಬಾಯಿಪಾಠ ಮಾಡುತ್ತಿದ್ದ. ವೀಡಿಯೊ ರಿಹರ್ಸಲಿನಲ್ಲಿ ಎಲ್ಲ ಸರಿ. ಆದರೆ "ನನಗೆ ಹೆದರಿಕೆಯಾಯಿತು" ಎನ್ನುವ ಕಡೆ ಬಂದ ತಕ್ಷಣ ತೊದಲುತ್ತಿದ್ದ. "ಏನಣ್ಣ, ಉದ್ದುದ್ದ ಡೈಲಾಗ್ ಎಲ್ಲ ನುಂಗಿ ನೀರು ಕುಡೀತೀಯ, ಎರಡು ಪದ ಬರಲ್ವಾ?" ಎಂದು ರೇಗಿಸಿದೆ. "ನೆಟ್ ಸರಿ ಇಲ್ಲ ಕಣೇ" ಎಂದ.

ಪ್ರದರ್ಶನದ ದಿನ ಅಡಿಲೇಡಿನ ಹಾಲ್ ತುಂಬಿತ್ತು. ಮಾಚಣನ ಕಾಲಿಗೆ ಕಟ್ಟಿದ್ದು ನಿಸರ್ಗಳ ಭರತನಾಟ್ಯದ ಹಳೆಯ ಗೆಜ್ಜೆ, ಅತ್ತಿಗೆ. ಮೈಸೂರಿನಿಂದ ನೀವು ತಂದುಕೊಟ್ಟಿದ್ದಿರಲ್ಲ, ಅದೇ. ಕೊನೆಯ ದೃಶ್ಯ. ಶರಭ ಕೋಟೆಯ ಮೇಲೆರಗಿದೆ, ಹೋರಾಡಲು ಬೇರೆ ಯಾರೂ ಉಳಿದಿಲ್ಲ, ಗಡಿಯಿಂದ ಮಾಚಣನನ್ನೇ ಕರೆಸಿದ್ದಾರೆ. ಹೊಸ ರಾಣಿ ಎಲ್ಲರೆದುರು ಕೇಳುತ್ತಾಳೆ: "ಅಂದು ನಿನಗೆ ಹೆದರಿಕೆಯಾಯಿತೇ?" ಇಲ್ಲ ಎಂದರೆ ಸಾಕು, ಆ ಒಂದು ಮಾತಿನಿಂದ ಅವನ ಕಳಂಕ ತೊಳೆದುಹೋಗುತ್ತದೆ. ಪರದೆಯ ಪಕ್ಕದಲ್ಲಿ ನಾನು ಮಾತು ಎತ್ತಿಕೊಡಲು ಹಸ್ತಪ್ರತಿ ಹಿಡಿದು ನಿಂತಿದ್ದೆ. ಅಣ್ಣ ತೊದಲಲಿಲ್ಲ. "ಆಯಿತು" ಎಂದ. ಬಗ್ಗಿ ಗೆಜ್ಜೆಯ ಚಿಂದಿಯನ್ನೆಲ್ಲ ಕಿತ್ತೆಸೆದ. ಎದ್ದು, ಶರಭದ ಕಡೆಗೆ ನಡೆದ. ಆ ಗೆಜ್ಜೆಯ ಸದ್ದು ಬಿಟ್ಟರೆ ಇಡೀ ಹಾಲಿನಲ್ಲಿ ಇನ್ನೊಂದು ಸದ್ದಿಲ್ಲ.

ಆಮೇಲೆ ಚಪ್ಪಾಳೆ ನೋಡಬೇಕಿತ್ತು! ಜನ ಎದ್ದು ನಿಂತರು. ಕನ್ನಡ ಬರುವುದಿಲ್ಲ ಎನ್ನುವ ಹುಡುಗರು "ಮಾಚಣ, ಮಾಚಣ" ಎಂದು ಕೂಗಿದರು. ಬ್ರಿಸ್ಬೇನಿನವರು ನಿಂತಲ್ಲೇ ತಮ್ಮೂರಿಗೆ ಇನ್ನೊಂದು ಪ್ರದರ್ಶನಕ್ಕೆ ಕರೆದರು. ನಾನು ನಿಸರ್ಗಳನ್ನು ವೇದಿಕೆಗೆ ಎಳೆದು ತಂದೆ, ಅವಳು ಕೈ ಮುಗಿದು ಕನ್ನಡದಲ್ಲೇ "ಎಲ್ಲರಿಗೂ ನಮಸ್ಕಾರ, ಕಥೆ ನಂದು" ಎಂದಳು. ನನ್ನ ಜನ್ಮ ಸಾರ್ಥಕವಾಯಿತು, ಸುಳ್ಳಲ್ಲ.

ಇಳಿದು ಬಂದವಳು ಕಿವಿಯಲ್ಲಿ ಹೇಳಿದಳು: "ದಾಕ್ಷಿ ಅತ್ತೆ ವಾಸ್ ಹಿಯರ್. ಲಾಸ್ಟ್ ರೋ. ಎಲ್ಲರಿಗಿಂತ ಫಸ್ಟ್ ಎದ್ದು ನಿಂತಿದ್ದು ಅವರೇ." ನಿಮಗೆ ಪೋಸ್ಟರ್ ಕಳಿಸಿದ್ದು ಅವಳೇ ಅಂತೆ. ನಾನು ಓಡಿ ಹಿಂದೆ ಬಂದೆ. ದೀಪ ಹತ್ತುವಷ್ಟರಲ್ಲಿ ನೀವು ಹೋಗಿದ್ದಿರಿ.

ಗ್ರೀನ್‌ರೂಮಿಗೆ ಹೋದರೆ ಅಣ್ಣ ಬಣ್ಣ ಅಳಿಸದೆ ಕೂತಿದ್ದ. "ಗೆದ್ದೆ ಕಣೋ" ಎಂದು ಬೆನ್ನು ತಟ್ಟಿದೆ. ಕೈ ಸರಿಸಿದ. "ನನ್ನ ಬೆನ್ನು ತಟ್ಟಬೇಡ ಹಂಸಾ. ಆ ಪಾತ್ರ ನಂದಲ್ಲ, ದಾಕ್ಷೀದು. ಈ ಮದುವೆ ಸಾಕು, ಬೇರೆಯಾಗೋಣ ಅಂದವನು ನಾನು. ಅಮ್ಮನಿಗೆ ಆಗಲೇ ಹುಷಾರಿರಲಿಲ್ಲ. 'ಮಗ ಹೀಗೆ ಮಾಡ್ದ ಅಂತ ಗೊತ್ತಾದ್ರೆ ಅವರು ತಡ್ಕೊಳಲ್ಲ, ನಾನೇ ಬಿಟ್ಟೆ ಅಂತೀನಿ' ಅಂದ್ಲು. ಎಲ್ಲರ ಮುಂದೆ ಹಾಗೇ ಅಂದ್ಲು."

ಅವನಿಗೆ ಬೈಯಬೇಕಾದ್ದೆಲ್ಲ ಬೈದಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಮ್ಮ ಮಗನ ಮೇಲಿನ ನಂಬಿಕೆ ಇಟ್ಟುಕೊಂಡೇ ನೆಮ್ಮದಿಯಾಗಿ ಹೋದಳು. ಆ ನೆಮ್ಮದಿ ನೀವು ಕೊಟ್ಟದ್ದು. ನಾನು ವಾರಗಟ್ಟಲೆ ತಲೆ ಕೆರೆದುಕೊಂಡು ಕಟ್ಟಿದ ವೀರನನ್ನು ನೀವು ಬದುಕಿ ಮುಗಿಸಿದ್ದಿರಿ. ಅಣ್ಣನೇ ಎಲ್ಲರಿಗೂ ನಿಜ ಹೇಳಲು ಶುರುಮಾಡಿದ್ದಾನೆ. ಮೊದಲು ನಟರಾಜ್ ಅಂಕಲ್‌ಗೆ ಹೇಳಿದ. ಅಂದಮೇಲೆ ಮೂರೂ ಊರಿಗೆ ತಲುಪಿದೆ ಎಂದೇ ತಿಳಿಯಿರಿ.

ನಿಸರ್ಗಳಿಗೆ ಪರೀಕ್ಷೆ ಮುಗಿದಿದೆ, ಅವಳ ತಲೆಯ ಮೇಲೆ ನಿಮ್ಮ ಕೈ ಇರಲಿ. ನನ್ನ ತಲೆಯ ಮೇಲೂ ಇಡಿ, ಜಾಗವಿದೆ. ಎಲ್ಲಿದ್ದರೂ ತಲೆಯೆತ್ತಿ ಇರಿ.

ನಿಮ್ಮ ನಾದಿನಿ,
ಹಂಸಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಅಮ್ಮನ ವೈಕುಂಠ ಸಮಾರಾಧನೆಯ ದಿನ ಮೈಸೂರಿನಲ್ಲಿ ಊಟಕ್ಕೆ ಕೂರುವಾಗ, ಅಭ್ಯಾಸಬಲದಿಂದ ನನ್ನ ಪಕ್ಕದಲ್ಲಿ ನಿಮಗೊಂದು ಎಲೆ ಹಾಕಿಸಿದ್ದೆ. ಬಡಿಸುವವರು ಆ ಎಲೆಗೂ ಎಲ್ಲ ಬಡಿಸಿಕೊಂಡು ಹೋದರು. ಯಾರೂ ಕೂರಲಿಲ್ಲ. ನನಗೆ ಅಕ್ಕ ಇರಲಿಲ್ಲ ಅತ್ತಿಗೆ, ನೀವೇ ಇದ್ದಿರಿ. ಅವನು ನಿಮ್ಮನ್ನು ಬಿಟ್ಟ, ನೀವು ಅಮ್ಮನನ್ನು ಕಾಪಾಡಿದಿರಿ, ಎಲ್ಲ ಸರಿ. ನನ್ನನ್ನು ಯಾರು ಕೇಳಿದರು? ಬ್ರಿಸ್ಬೇನಿನ ಪ್ರದರ್ಶನಕ್ಕೆ ಮುಂದಿನ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿ ಹಿಡಿದಿರುತ್ತೇನೆ. ದೀಪ ಹತ್ತುವ ತನಕ ಕೂತಿರಿ.