ಡಬ್ಬಿಯ ಮೇಲಿನ ಹೆಬ್ಬೆಟ್ಟು

ಮಾರ್ಚ್ 4, ಸೋಮವಾರ
ಸ್ಕ್ಯಾನರ್ ಗಾಜು ಒರೆಸಿಲ್ಲವೆಂದು ಪ್ರೆಸ್ ಯಜಮಾನರಿಂದ ಮತ್ತೆ ಬೈಗುಳ. ಒರೆಸದೆ ಹಾಗೇ ಕೆಲಸ ಮುಂದುವರಿಸಿದೆ. ಇವತ್ತು ಪಠ್ಯಪುಸ್ತಕದ ನಕಲಲ್ಲ — ಮೂರ್ಛೆರೋಗದ ಮಾತ್ರೆಯ ಡಬ್ಬಿ. ಅಸಲಿಯಂತೆಯೇ ಅಚ್ಚಾಗಬೇಕು.

"ಒಳಗಿನ ಮಾತ್ರೆ?" ಎಂದೆ.

"ಅದೇ ಔಷಧಿ ಕಣಮ್ಮಾ ಕ್ರಾಂತಿ!" ಎಂದು ಯಜಮಾನರು ಕೆಣಕಿದರು. " ಕಂಪನಿ ಹೆಸರಿಗೇ ಹತ್ತು ಪಟ್ಟು ರೇಟು. ನೀನು ಹಂಚೋ ಕರಪತ್ರದಲ್ಲಿ ಇರೋದೂ ಅದೇ ತಾನೆ?"

ಹೌದು, ಅದೇ. ಜ್ಞಾನ ಯಾರಪ್ಪನ ಸ್ವತ್ತೂ ಅಲ್ಲ. ಔಷಧಿಯೂ ಅಲ್ಲ!

ಸ್ಕ್ಯಾನ್ ಮಾಡಿದಾಗ ಡಬ್ಬಿಯ ಬಿಳಿ ಜಾಗದಲ್ಲಿ ನವಿರಾದ ಗೆರೆಗಳು ಬಂದವು. ನಕಲು ತಡೆಯಲು ಕಂಪನಿ ಹಾಕಿದ ಗುಟ್ಟಿನ ವಿನ್ಯಾಸವಿರಬೇಕು. ಒಂದನ್ನೂ ಅಳಿಸಲಿಲ್ಲ. ಫೈಲನ್ನು ನಮ್ಮ ಆನ್‌ಲೈನ್ ಗುಂಪಿಗೂ ಹಾಕಿದೆ — ಹಲವು ದೇಶಗಳ ಸಂಗಾತಿಗಳು, ಯಾರ ಮುಖವನ್ನೂ ಕಂಡವಳಲ್ಲ. "ಯಾರು ಬೇಕಾದರೂ ತೆಗೆದುಕೊಳ್ಳಿ" ಎಂದು ಬರೆದೆ. ಎದೆಯುಬ್ಬಿತು.

ಮೇ 19
ಅಕ್ಕನಿಗೆ ಫಿಟ್ಸ್. ಎಷ್ಟೋ ವರ್ಷಗಳ ಮೇಲೆ. ಅಡುಗೆಮನೆಯ ನೆಲದಲ್ಲಿ... ನಾಲಗೆ ಕಚ್ಚಿಕೊಂಡಿದ್ದಳು.

"ಮಾತ್ರೆ ತಪ್ಪಿಸಿದ್ಯಾ?"

"ಇಲ್ಲ ಕಣೇ, ಹೊತ್ತು ಹೊತ್ತಿಗೆ ನುಂಗಿದೀನಿ. ಬೇಕಾದ್ರೆ ಡಬ್ಬಿ ನೋಡು."

ನೋಡಿದೆ. ಯಾವಾಗಲೂ ಕೊಳ್ಳುವ ಅಂಗಡಿಯದೇ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಬಿಳಿ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು. ನಡುವೆ ಅಡ್ಡಗೀರು. ಪೇಪರ್ ಕಟರ್ ತಗುಲಿ ನನ್ನ ಬೆರಳಲ್ಲಿ ಉಳಿದ ಗೀರು.

ವಿನ್ಯಾಸವಲ್ಲ. ಗಾಜಿನ ಮೇಲೆ ನಾನೇ ಒತ್ತಿದ್ದು.

"ಯಾಕೇ, ದೆವ್ವ ಕಂಡೋಳ ಥರ ನಿಂತಿದೀಯ?" ಎಂದಳು ಅಕ್ಕ.

ಮೇ 20
ಯಜಮಾನರನ್ನು ಕೇಳಿದೆ. "ನಮ್ದು ಡಬ್ಬಿ ಅಷ್ಟೇ. ಒಳಗೆ ಏನು ತುಂಬ್ತಾರೋ, ನಮಗ್ಯಾಕಮ್ಮಾ?"

ನೆಟ್ಟಗೆ ನಕಲಿ ಮಾಲಿನ ತನಿಖಾ ಕಚೇರಿಗೆ ಹೋದೆ. ಕಂಪನಿಗಳ ಕಾವಲುನಾಯಿಗಳು ಎಂದು ನಾನೇ ಗೋಡೆಯ ಮೇಲೆ ಬರೆದಿದ್ದ ಕಚೇರಿ.

ಅಧಿಕಾರಿಯಮ್ಮ ಅಕ್ಕನ ಡಬ್ಬಿಯನ್ನೂ ನನ್ನ ಹೆಬ್ಬೆರಳನ್ನೂ ಹೋಲಿಸಿ ನೋಡಿದರು. "ಕೂತ್ಕೋ. ಇದನ್ನ ನಾಲ್ಕೈದು ದೇಶದವರು ಸೇರಿ ಹುಡುಕ್ತಿದೀವಿ."

ವಿಡಿಯೋ ಕಾಲ್ ಹಚ್ಚಿದರು. ಪರದೆಯ ತುಂಬ ಬೇರೆ ಬೇರೆ ದೇಶದ ಅಧಿಕಾರಿಗಳು. ಒಬ್ಬೊಬ್ಬರೇ ಡಬ್ಬಿ ಎತ್ತಿ ಹಿಡಿದರು. ನಾನು ಓದಲಾರದ ಲಿಪಿಗಳು. ಎಲ್ಲದರ ಮೇಲೂ ನನ್ನ ಬೆರಳು.

"ಇವು ನಮ್ಮ ಪ್ರೆಸ್ಸಿನವಲ್ಲ..."

"ಫೈಲ್ ಯಾರಿಗೆ ಕೊಟ್ಟೆ?"

"ಎಲ್ಲರಿಗೂ."

ಅನುವಾದಕರು ಆ ಒಂದು ಮಾತನ್ನು ತಂತಮ್ಮ ಭಾಷೆಯಲ್ಲಿ ಹೇಳಿದರು. ಒಬ್ಬರಾದ ಮೇಲೆ ಒಬ್ಬರು. ಪಿಸುಮಾತಿನಲ್ಲಿ.

ಜೂನ್ 11
ಪ್ರೆಸ್ಸಿಗೆ ಸೀಲ್. ಯಜಮಾನರು ಜೈಲಿನಲ್ಲಿ. ಅಕ್ಕ ಆಸ್ಪತ್ರೆಯವರು ಕೊಟ್ಟ ಮಾತ್ರೆಯನ್ನೂ ಬೆಳಕಿಗೆ ಹಿಡಿದೇ ನುಂಗುತ್ತಾಳೆ. ನನ್ನ ಕೈಯಿಂದ ನೀರನ್ನೂ ತೆಗೆದುಕೊಳ್ಳುತ್ತಿಲ್ಲ.

ಬೆಳಗಾದರೆ ಸಾಕ್ಷಿಯಾಗಿ ತನಿಖಾ ಕಚೇರಿಗೆ. ಹೊರದೇಶಗಳಿಂದ ಬಂದ ಡಬ್ಬಿಗಳನ್ನು ಗುರುತಿಸುವುದು. ಇವತ್ತು ಹೃದಯದ ಮಾತ್ರೆ. ಅದನ್ನು ನಾನು ಸ್ಕ್ಯಾನ್ ಮಾಡಿಯೇ ಇಲ್ಲ. ಆದರೂ ಬೆರಳು ಇದೆ. ನನ್ನಂತೆಯೇ ಯಾರೋ ಅದನ್ನು ಕಂಪನಿಯ ಗುರುತೆಂದು ನಂಬಿ, ಕತ್ತರಿಸಿಕೊಂಡು, ಕಂಡಕಂಡದ್ದಕ್ಕೆ ಹಚ್ಚುತ್ತಿದ್ದಾರೆ.

"ಈ ಡಬ್ಬಿ ಬಂದ ದೇಶದಲ್ಲಿ ಇನ್ನೊಂದು ಕಥೆ ಶುರುವಾಗಿದೆ," ಎಂದರು ಅಧಿಕಾರಿಯಮ್ಮ. ದನಿ ತಗ್ಗಿತ್ತು. "ಜನ ಡಬ್ಬಿನ ಬೆಳಕಿಗೆ ಹಿಡಿದು ನೋಡ್ತಾರಂತೆ. ಬೆರಳಿದ್ರೆ ಅಸಲಿ, ಇಲ್ದಿದ್ರೆ ಅಂಗಡಿಗೆ ವಾಪಸ್ಸಂತೆ."

ಅಂದರೆ ಅಲ್ಲಿ ನಿಜವಾದ ಔಷಧಿಯನ್ನೇ ನಕಲಿಯೆಂದು ಹಿಂದಿರುಗಿಸುತ್ತಿದ್ದಾರೆ.

ಮೇಜಿನ ಮೇಲೆ ಇನ್ನೊಂದು ಡಬ್ಬಿ ಇಟ್ಟರು. ಕೂಸುಗಳ ಜ್ವರದ್ದು. ಮುಟ್ಟಲು ಕೈ ಬರಲಿಲ್ಲ. ಅವರೇ ಎತ್ತಿ ಕಿಟಕಿಯತ್ತ ಓರೆಯಾಗಿ ಹಿಡಿದರು. ಬಿಳಿ ಜಾಗದಲ್ಲಿ ಅದೇ ಅಡ್ಡಗೀರು.