ಚೇಳಿನ ಮೇಷ್ಟ್ರ ಪೇಜು

ಮೇ ೪, ಬೆಳಿಗ್ಗೆ

ಕಾಫಿ ಕುಡಿಯುತ್ತಾ ಫೇಸ್‌ಬುಕ್ ಪೇಜಿಗೆ ಬಂದ ಮೆಸೇಜುಗಳಿಗೆ ಉತ್ತರ ಬರೆದೆ. ತಾವರೆಕೆರೆಯಿಂದ ಒಬ್ಬರು — ಸೌದೆ ರಾಶಿಯಲ್ಲಿ ದೊಡ್ಡ ಕರಿ ಚೇಳು, ಡೇಂಜರ್ರಾ ಸಾರ್? ನೋವು ಕೊಡುತ್ತೆ, ಸಾಮಾನ್ಯವಾಗಿ ಜೀವಕ್ಕೆ ಅಪಾಯ ಇಲ್ಲ, ಆದರೂ ಕೈ ಹಾಕಬೇಡಿ ಅಂತ ಹಾಕಿದೆ. ‘ಥ್ಯಾಂಕ್ಯೂ ಸಾರ್’ ಬಂತು. ಲೈಕ್ ಒತ್ತಿದೆ.

ಸಾರ್, ಅಂದರೆ ನನ್ನ ಗಂಡ ಅನಿಲ್, ಇಲ್ಲ. ಹೋದ ತಿಂಗಳು ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಕುಸಿದರು. ಹೃದಯ. ಪೇಜಿನವರಿಗೆ ಯಾರಿಗೂ ಗೊತ್ತಿಲ್ಲ.

ಅನಿಲ್‌ಗೆ ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ. ಅವರು ಹೇಳೋರು, ನಾನು ಒತ್ತೋಳು. ಮೊದಲಿಂದಲೂ ಹಾಗೇ. ಬೆರಳುಗಳಿಗೆ ಅಭ್ಯಾಸ. ಅವು ನನ್ನನ್ನು ಕೇಳುವುದಿಲ್ಲ.

ಮೇ ೭

ರಜೆ. ಕೊರಟಗೆರೆಗೆ ಹೋಗುವ ಬಸ್ಸಿಲ್ಲ, ಸ್ಕೂಲಿಲ್ಲ, ಪಾಠವಿಲ್ಲ. ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ನಾನು ಫೋನ್ ಹಿಡಿದಿದ್ದೆ.

“ಮಗ ಹೋದ, ಈ ಫೋನು ಮಾತ್ರ ಹೋಗಲಿಲ್ಲ ನೋಡು.”

ಸಿಟ್ಟಿನಲ್ಲಿ ಹೇಳಲಿಲ್ಲ. ಇರುವುದನ್ನು ಹೇಳಿದರು. ಹೌದತ್ತೆ ಅಂದೆ.

ಅನಿಲ್ ಪೇಜು ಶುರು ಮಾಡಿದಾಗ ಡಿಪಾರ್ಟ್‌ಮೆಂಟಿನಲ್ಲಿ ನಕ್ಕಿದ್ದರಂತೆ — ಝೂವಾಲಜಿ ಮೇಷ್ಟ್ರಿಗೆ ಫೇಸ್‌ಬುಕ್ ಹುಚ್ಚು. ಇವರ ಲೆಕ್ಕ ಬೇರೆ. ನಾನೊಬ್ಬ ಎಷ್ಟು ಕಲ್ಲು ಎತ್ತಿ ನೋಡಲಿ? ನಾಲ್ಕು ತಾಲ್ಲೂಕಿನ ಜನ ನನಗೋಸ್ಕರ ಎತ್ತುತ್ತಾರೆ ಅನ್ನೋರು. ಅದಕ್ಕೆ ಕಟ್ಟುನಿಟ್ಟು. ಫೋಟೊ ತೆಗೆದವರ ಹೆಸರಿಲ್ಲದೆ ಪೋಸ್ಟ್ ಇಲ್ಲ. ಅವರ ಒಪ್ಪಿಗೆ ಇಲ್ಲದೆ ರಿಸರ್ಚ್ ಪೇಪರಿಗೆ ಹೋಗದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ. ಪೇಪರ್ ಪ್ರಿಂಟಾದರೆ ಅದರ ಸಾರ ಕನ್ನಡದಲ್ಲಿ, ಫೋಟೊ ಕಳಿಸಿದವರಿಗೆ ಮೊದಲು.

ಮೇ ೧೧, ಸಂಜೆ

ಪೇಜಿನ ನಂಬರಿಗೆ ಫೋನ್. ಪಾವಗಡದ ಕಡೆಯ ತೆಲುಗು ಬೆರೆತ ಮಾತು.

“ಅಮ್ಮಾ, ಸಾರ್ ಕೈಗೆ ಈಯಮ್ಮ, ಅರ್ಜೆಂಟು. ಪಾಪಕ್ಕೆ ತೇಲು ಕುಟ್ಟೈತೆ. ಫೋಟೊ ಹಾಕಿವ್ನಿ, ಯಾವ ಚೇಳು ನೋಡಿ ಯೋಳಲಿ.”

ರಂಗರಾಜು ಅಂತೆ. ಚೇಳು ಕಚ್ಚಿದ್ದು ಮಗಳಿಗೆ, ಐದು ವರ್ಷ. ಫೋಟೊ ನೋಡಿದೆ — ಕೆಂಪಗೆ, ಸಣ್ಣದು. ಕರಿದಕ್ಕಿಂತ ಇದೇ ಅಪಾಯ ಅನ್ನೋರು ಅನಿಲ್. ವಾಂತಿ ಆಯ್ತಾ ಕೇಳಿದೆ. ಆಗೈತೆ. ಬೆವರು? ನೀರು ಸುರ್ದಂಗೆ. ಕೈಕಾಲು? ತಣ್ಣಗವೆ.

“ಯಾವ ಚೇಳಾದರೂ ಆಗಲಿ. ಈಗಲೇ ಪಾವಗಡ ಆಸ್ಪತ್ರೆಗೆ ಹೊರಡಿ.”

“ಇಲ್ಲೇ ಮಂತ್ರ ಹಾಕೋ ತಾತ ಅವ್ನೆ, ಒಂದ್ಕಿತ ತೋರ್ಸಿ…”

“ಬೇಡ. ಗಾಡಿ ತೆಗೀರಿ.”

“ಇದು ಸಾರೇ ಯೋಳಿದ್ದಾ?”

“ಹೌದು. ಸಾರೇ ಹೇಳಿದ್ದು.”

ಫೋನ್ ಇಟ್ಟ ಮೇಲೆ ಅತ್ತೆ ನನ್ನನ್ನೇ ನೋಡುತ್ತಿದ್ದರು.

ಮೇ ೧೨

ಸುದ್ದಿ ಇಲ್ಲ. ಎರಡು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ಬಟ್ಟೆ ಒಗೆದೆ. ಒಣಗಿದ ಮೇಲೆ ಮಡಿಚಿದೆ. ಅನಿಲ್ ಅಂಗಿಯೂ ಒಂದು ಇತ್ತು, ಅದನ್ನೂ.

ಮೇ ೧೪

ರಂಗರಾಜು ಫೋನ್. ಮಗು ಪಾರು. ಅವತ್ತು ರಾತ್ರಿಯೆಲ್ಲ ಡಾಕ್ಟರು ಪಕ್ಕದಲ್ಲೇ ಇದ್ದರಂತೆ. ಇನ್ನೊಂದು ಗಂಟೆ ತಡ ಮಾಡಿದ್ದರೆ ಕಷ್ಟ ಆಗೋದು ಅಂದರಂತೆ.

“ಸಾರ್ ಗೊಂತು ಒಂದ್ಸಲ ಕೇಳ್ಸಮ್ಮ. ಒಂದ್ ನಮಸ್ಕಾರ ಯೋಳಿ ಇಟ್ಬುಡ್ತೀನಿ.”

ಸಾರ್ ದನಿ ಕೇಳಬೇಕಂತೆ. “ಈಗ ಇಲ್ಲ” ಅಂದೆ.

“ಎಷ್ಟೊತ್ತಿಗೆ ಬತ್ತಾರೆ?”

ಸಿಗ್ನಲ್ ಇಲ್ಲ ಎಂದು ಕಟ್ ಮಾಡಿದೆ. ಸಂತೋಷ ಆಗಬೇಕಿತ್ತು. ಆಗಿರಬೇಕು. ಅನ್ನಕ್ಕೆ ಎಸರಿಟ್ಟೆ.

ಮೇ ೧೭

ಪ್ರಸನ್ನಕುಮಾರ್ ಮನೆಗೆ ಬಂದಿದ್ದರು. ಅನಿಲ್ ಜೊತೆ ಪ್ರಾಜೆಕ್ಟ್ ಮಾಡುತ್ತಿದ್ದವರು, ಅದೇ ಡಿಪಾರ್ಟ್‌ಮೆಂಟ್. ಕುರ್ಚಿಯ ತುದಿಯಲ್ಲಿ ಕೂತರು.

“ಪಾಸ್‌ವರ್ಡ್ ಕೊಟ್ಟರೆ ಪೇಜ್ ನಾನು ನೋಡ್ಕೋತೀನಿ ಮೇಡಂ. ಮುಂದಿನ ತಿಂಗಳು ಪ್ರಾಜೆಕ್ಟ್ ರಿವ್ಯೂ. ಪಬ್ಲಿಕ್ ರೀಚ್ ತೋರಿಸಬೇಕು.”

“ನಿಮ್ಮ ಹೆಸರಲ್ಲಿ ಬರೀತೀರಾ?”

“ಸದ್ಯಕ್ಕೆ ಅನಿಲ್ ಹೆಸರಲ್ಲೇ ಇರಲಿ. ಜನ ಆ ಹೆಸರನ್ನ ನಂಬ್ತಾರೆ. ಹೋದರು ಅಂತ ಹಾಕಿದರೆ ಫಾಲೋಯರ್ಸ್ ಕರಗಿ ಹೋಗ್ತಾರೆ. ರಿವ್ಯೂ ಮುಗೀಲಿ, ಆಮೇಲೆ ನಿಧಾನಕ್ಕೆ…”

ಕೆಟ್ಟ ಮನುಷ್ಯ ಅಲ್ಲ. ಹೆಣ ಹೊತ್ತ ನಾಲ್ವರಲ್ಲಿ ಅವರೂ ಒಬ್ಬರು. ಯೋಚನೆ ಮಾಡಿ ಹೇಳುತ್ತೇನೆ ಅಂದೆ. ನಾನು ಮಾಡುತ್ತಿರುವುದೂ ಅದೇ ಅಲ್ಲವಾ — ಎಂದು ಅವರು ಗೇಟು ದಾಟಿದ ಮೇಲೆ ಹೊಳೆಯಿತು.

ಒಳಗಿಂದ ಅತ್ತೆ: “ಸತ್ತೋನ ಕೈಲಿ ಇನ್ನೂ ಎಷ್ಟು ದಿನ ಮಾತಾಡಿಸ್ತೀರಲೇ? ಸಾಕು ಬುಡವ್ವ ನನ್ ಮಗನ್ನ.”

ಅತ್ತೆಗೆ ಎಲ್ಲ ಗೊತ್ತಿತ್ತು.

ಮೇ ೨೩

ಇಷ್ಟು ದಿನ ಪೇಜು ತೆರೆಯಲಿಲ್ಲ. ಮನೆ ಹಿಂದಿನ ಬೆಟ್ಟದ ಕಡೆ ಮುಖ ಮಾಡಿ ಕೂರುವುದು, ಏಳುವುದು. ಅಷ್ಟೇ.

ಇವತ್ತು ಮೊದಲು ರಂಗರಾಜುಗೆ ಫೋನ್ ಮಾಡಿದೆ. ಪೇಜಿನಲ್ಲಿ ಓದಿ ತಿಳಿಯುವುದು ಬೇಡ ಅನ್ನಿಸಿತು.

“ಸಾರ್ ತೀರಿಕೊಂಡಿದ್ದಾರೆ. ನಿಮ್ಮ ಮಗುವಿಗೆ ಚೇಳು ಕಚ್ಚುವ ಮೊದಲೇ.”

ಆ ಕಡೆ ಮೋಟಾರಿನ ಸದ್ದು. ಅವನು ದೂರ ಬಂದನೇನೋ, ಸದ್ದು ಕಡಿಮೆಯಾಯಿತು.

“ಅಯ್ಯೋ ದೇವುಡಾ… ಹಂಗಾರೆ ಅವತ್ತು ಯೋಳಿದ್ದು ಯಾರಮ್ಮ?”

“ನಾನು. ಅವರು ಹೇಳುತ್ತಿದ್ದದ್ದನ್ನೇ ಹೇಳಿದೆ.”

ಬೈಯಲಿ ಎಂದು ಕಾದೆ.

“ನಿನ್ ಪೇರು ಏಂದಮ್ಮ?”

ಸಾವಿನ ಮನೆಗೆ ಬಂದವರಿಗೆಲ್ಲ ನಾನು ಅನಿಲ್ ಹೆಂಡತಿ. ಪೇಜಿನವರಿಗೆ ಸಾರ್.

“ಗಂಗಲಕ್ಷ್ಮಿ.”

“ಗಂಗಲಕ್ಷ್ಮಮ್ಮ” ಅಂದ. ಮಗಳನ್ನು ಕರೆದು, “ಯೋಳು ಪಾಪ, ಗಂಗಲಕ್ಷ್ಮಮ್ಮಂಗೆ ನಮಸ್ಕಾರ ಯೋಳು” ಅಂದ. ಮಗು ಹೇಳಲಿಲ್ಲ. ನಾಚಿಕೆ ಇರಬೇಕು. ಉಸಿರು ಕೇಳಿಸಿತು.

ಮೇ ೨೪

ಪ್ರಸನ್ನಕುಮಾರ್‌ಗೆ ಹೇಳಿದೆ — ಪೇಜು ಇಬ್ಬರೂ ನೋಡಿಕೊಳ್ಳೋಣ. ನಿಮ್ಮ ಉತ್ತರಕ್ಕೆ ನಿಮ್ಮ ಹೆಸರು, ನನ್ನದಕ್ಕೆ ನನ್ನದು. ಅನಿಲ್ ಸುದ್ದಿ ಇವತ್ತೇ ಹಾಕುತ್ತೇನೆ.

“ರಿವ್ಯೂ ಆದ್ಮೇಲೆ ಹಾಕಬಹುದಿತ್ತು ಮೇಡಂ.”

“ಹಾಕಬಹುದಿತ್ತು.”

ಆಮೇಲೆ, ಚೇಳಿನ ಸ್ಪೀಶೀಸ್ ಗೊತ್ತಾಗದಿದ್ದರೆ ನನಗೆ ಕಳಿಸಿ ಅಂದರು. ಧ್ವನಿ ಬಿಗಿಯಾಗಿಯೇ ಇತ್ತು.

ಪೋಸ್ಟ್ ಬರೆದೆ. ಅನಿಲ್ ಕುಮಾರ್ ಏಪ್ರಿಲ್‌ನಲ್ಲಿ ತೀರಿಕೊಂಡರು. ಅಲ್ಲಿಂದ ಈಚಿನ ಉತ್ತರಗಳೆಲ್ಲ ನಾನು, ಅವರ ಹೆಂಡತಿ, ಬರೆದದ್ದು. ನಾನು ವಿಜ್ಞಾನಿ ಅಲ್ಲ, ಕನ್ನಡ ಟೀಚರ್. ತಿಳಿಯದ್ದನ್ನು ತಿಳಿದವರಿಗೆ ಕೇಳಿ ಹೇಳುತ್ತೇನೆ. ಚೇಳು ಕಚ್ಚಿದರೆ ನಮ್ಮ ಉತ್ತರಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಅತ್ತೆಗೆ ಓದಿ ಹೇಳಿದೆ. ತಲೆ ಆಡಿಸಿದರು. ಒತ್ತಿದೆ.

ಮೇ ೨೫, ಬೆಳಿಗ್ಗೆ

ಓಂ ಶಾಂತಿ. ಓಂ ಶಾಂತಿ. ಆರ್‌ಐಪಿ ಸಾರ್. ಕೈಮುಗಿದ ಇಮೋಜಿ. ಬೆರಳಿಂದ ತಳ್ಳುತ್ತಾ ಹೋದೆ. ಎದೆಯಲ್ಲಿ ಏನೂ ಇಲ್ಲ. ಕೆಲವರು ಪೇಜ್ ಬಿಟ್ಟಿದ್ದಾರೆ. ಬಿಡಲಿ.

ನಡುವೆ ಹುಲಿಕುಂಟೆಯ ಮುದ್ದಕ್ಕ ಎಂಬ ಹೆಂಗಸು — ‘ಸಾರಿ ಮೇಡಂ, ಸಾರ್ ವಿಷಯ ಈಗ ಓದಿದೆ. ಆದ್ರೂ ಕೇಳ್ತೀನಿ. ಬಚ್ಚಲಲ್ಲಿ ಚೇಳು ಐತೆ. ಬೆನ್ನ ಮೇಲೆ ಬೆಳ್ಳಗೆ ಹುಳ ಹತ್ತೈತೆ. ರೋಗನಾ? ಚಪ್ಪಲೀಲಿ ಹೊಡೆದುಬುಡ್ಲಾ?’

ಫೋಟೊ ದೊಡ್ಡದು ಮಾಡಿ ನೋಡಿದೆ.

ಹುಳ ಅಲ್ಲ, ಮರಿಗಳು. ತಾಯಿ ಹೊತ್ತುಕೊಂಡಿದೆ. ಹೊಡೀಬೇಡಿ. ದೂರ ನಿಂತು ಡಬ್ಬಿ ಬೋರಲು ಹಾಕಿ, ಕೆಳಗೆ ದಪ್ಪ ರಟ್ಟು ತೂರಿಸಿ, ಮನೆಯಿಂದ ದೂರ ಕಲ್ಲಿನ ರಾಶಿ ಹತ್ತಿರ ಬಿಡಿ. — ಗಂಗಲಕ್ಷ್ಮಿ.

ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳಿಂದ — ‘ಬಿಟ್ಟೆ ಮೇಡಂ. ಒಂದ್ ಮರಿ ಕೆಳಗೆ ಬಿದ್ದಿತ್ತು. ತಾಯಿ ನಿಂತ್ಕೊಂಡು, ಅದನ್ನ ಹತ್ತುಸ್ಕೊಂಡು ಹೋಯ್ತು.’

ಓದಿದೆ. ಇನ್ನೊಂದು ಸಲ ಓದಲು ಹೋದರೆ ಅಕ್ಷರ ಕಾಣುತ್ತಿಲ್ಲ. ಅತ್ತೆ ಯಾಕೆ ಎದ್ದು ಬಂದರೋ, ಫೋನ್ ಕಿತ್ತುಕೊಂಡು ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು.