ತೊಟ್ಟಿಯೊಳಗಿನ ಗಂಗೆ

ಥವೀ,

ಈ ಕಾಗದ ನಿನ್ನ ಕೈಸೇರುವುದಿಲ್ಲ, ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಇವತ್ತು ಲೋಯ್ ಕ್ರಥೋಂಗ್. ವರ್ಷವಿಡೀ ಹೊಲಸು ಮಾಡಿದ್ದಕ್ಕೆ ದೀಪ ತೇಲಿಬಿಟ್ಟು ನದಿಯ ಕ್ಷಮೆ ಕೇಳುವ ಹುಣ್ಣಿಮೆ. ನೀನೀಗ ಕೆಲಸಕ್ಕಿರುವ ಬಣ್ಣದ ಕಾರ್ಖಾನೆಯವರು ದಡದಲ್ಲೇ ಪ್ಲಾಸ್ಟಿಕ್ ತೊಟ್ಟಿಯಿಟ್ಟು ಟ್ಯಾಂಕರ್ ನೀರು ತುಂಬಿಸಿದ್ದರು. ಮೈಕು ಹಿಡಿದವನು ನೀನು. ಒಂದು ಕಾಲಕ್ಕೆ ಅದೇ ಕಾರ್ಖಾನೆಯ ಕೊಳಕು ನೀರಿನ ಕೊಳವೆಗೆ ಅಡ್ಡ ಮಲಗಿ ನನ್ನ ಜೊತೆ ಲಾಠಿ ತಿಂದವನು!

"ನದೀಗೆ ಯಾರೂ ಇಳೀಬೇಡಿ, ಮೈ ತುರಿಸುತ್ತೆ. ದೀಪಾನ ತೊಟ್ಟೀಲೇ ಬಿಡಿ," ಎಂದೆ ನೀನು.

"ಏನೋ ಥವೀ, ಗಂಗಮ್ಮನ್ನ ನಿಮ್ಮ ಸಾಹುಕಾರ ತೊಟ್ಟೀಲಿ ಕೂಡಿಹಾಕಿದ್ನಾ?" ಎಂದಳು ಲಮ್ಯಾಯ್ ಅತ್ತೆ. ಜನ ನಕ್ಕರು. ನೀನೂ ನಕ್ಕೆ. ನನ್ನ ಮೈ ಉರಿದುಹೋಯಿತು.

ಕ್ಷಮೆ ಕೇಳಲು ಆ ತೊಟ್ಟಿಗೆ ನಾವೇನು ಅನ್ಯಾಯ ಮಾಡಿದ್ದೇವೆ? ಬಾಳೆದಿಂಡಿನ ತೇಲುದೀಪ, ನನ್ನ ಕ್ರಥೋಂಗ್ ಹಿಡಿದು ನದಿಗೇ ಇಳಿದೆ.

"ಏಯ್ ವಿಲೈ, ಮೇಲೆ ಬಾರೇ!" ಎಂದು ಮೈಕಿನಲ್ಲೇ ನೀನು ಕೂಗಿದೆ. ಎಷ್ಟು ವರ್ಷದ ಮೇಲೆ ನನ್ನ ಹೆಸರು ನಿನ್ನ ಬಾಯಲ್ಲಿ! ನಾನು ತಿರುಗಲಿಲ್ಲ.

ದೀಪ ನೀಲಿ ನೊರೆಗೆ ಸಿಕ್ಕಿ ನಿಂತುಬಿಟ್ಟಿತು. ಕೈಯಿಂದ ನೊರೆ ಸರಿಸುತ್ತಾ ಅದನ್ನು ಹರಿವಿನವರೆಗೆ ನಡೆಸಿಕೊಂಡು ಹೋದೆ. ನೀನು ಹೇಳಿದ್ದು ನಿಜ, ಕಾಲು ಇನ್ನೂ ಉರಿಯುತ್ತಿದೆ. ಆ ನೀರಿನಲ್ಲಿ ಏನಿದೆಯೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪೀಡೆ ಕಳೆಯಲೆಂದು ನಮ್ಮಿಬ್ಬರ ಕೂದಲನ್ನೂ ಒಂದೇ ದೀಪದಲ್ಲಿ ಇಡುತ್ತಿದ್ದೆವಲ್ಲ, ಇವತ್ತು ನನ್ನದೊಂದನ್ನೇ ಇಟ್ಟೆ. ನಿನ್ನ ಪೀಡೆ ನಿನ್ನ ತಲೆಯ ಮೇಲೇ ಇರಲಿ.

ದೀಪದಲ್ಲಿ ನನ್ನ ಕೂದಲಿನ ಪಕ್ಕ ನಿನ್ನದರ ಜಾಗ ಮಾತ್ರ ಹಾಗೇ ಉಳಿದಿತ್ತು.